ಅಕ್ಕನ ಗಂಜಿ, ನನ್ನ ಹೊಟ್ಟೆಯ ಹೊಲಿಗೆ

ನಮ್ಮ ಕಡೆ ಬಾಣಂತಿ ಇರುವ ಮನೆ ಹುಡುಕಲು ವಿಳಾಸ ಬೇಕಾಗುವುದಿಲ್ಲ. ತುಪ್ಪದಲ್ಲಿ ಹುರಿದ ಜೀರಿಗೆ, ಓಮ, ಬೆಳ್ಳುಳ್ಳಿಯ ಪರಿಮಳ ಗೇಟಿನ ಹತ್ತಿರವೇ ಎದುರುಗೊಳ್ಳುತ್ತದೆ. ಈ ವರ್ಷ ಕಾಪುವಿನ ಅಕ್ಕನ ಮನೆಗೆ ಹೋದಾಗ ಅಂಥದ್ದೇನೂ ಮೂಗಿಗೆ ಬಡಿಯಲಿಲ್ಲ. ಅಕ್ಕನ ಮಗಳು ನಿಶ್ಮಿತಾ ಹೆತ್ತು ಹನ್ನೆರಡು ದಿನವಾಗಿತ್ತು. ಅಡುಗೆಮನೆಯಲ್ಲಿದ್ದದ್ದು ಪಾತ್ರೆ ತೊಳೆದ ಸೋಪಿನ ವಾಸನೆ ಮಾತ್ರ. ಫ್ರಿಜ್ಜಿನ ಬಾಗಿಲಿಗೆ ಆಸ್ಪತ್ರೆಯವರು ಕೊಟ್ಟ ಚೀಟಿಯೊಂದನ್ನು ಅಂಟಿಸಿದ್ದರು.

"ಅಕ್ಕಾ, ಬಾಣಂತಿಗೆ ಎಂತ ಕೊಡ್ತಾ ಇದ್ದಿ?" ಎಂದು ಕೇಳಿದೆ.

"ನನಗೆ ಎಂತ ಗೊತ್ತುಂಟು? ಅದರಲ್ಲಿ ಬರೆದದ್ದು ಕೊಡುದು," ಎಂದು ಚೀಟಿಯ ಕಡೆ ಕೈ ತೋರಿಸಿದಳು.

ಹೀಗೆ ಹೇಳಿದವಳು ನನ್ನ ಜಲಜಕ್ಕ. ಸಂಬಂಧಿಕರಲ್ಲಿ ಯಾರಿಗೆ ಹೆರಿಗೆಯಾದರೂ, ಜ್ವರ ಬಂದರೂ, ಕಾಲು ಉಳುಕಿದರೂ ಯಾರೂ ಕೇಳದೆ ಇದ್ದರೂ ಫೋನು ಮಾಡಿ ಕಷಾಯ ಹೇಳುತ್ತಿದ್ದವಳು. ಅವಳ ಬಾಯಿಯಿಂದ "ಗೊತ್ತಿಲ್ಲ" ಎಂಬ ಮಾತು ಕೇಳಿ ನನ್ನ ಕೈ ತಾನಾಗಿ ಹೊಟ್ಟೆಯ ಬಲಗಡೆಗೆ ಹೋಯಿತು. ನೋವಿಗಲ್ಲ, ಅಪೆಂಡಿಕ್ಸನ್ನು ಮೂರು ವರ್ಷದ ಹಿಂದೆಯೇ ಮಣಿಪಾಲದಲ್ಲಿ ತೆಗೆಸಿಕೊಂಡಿದ್ದೇನೆ. ಅಕ್ಕ ಬಾಯಿ ಕಟ್ಟಿಕೊಂಡದ್ದು ಆ ಬೇಸಿಗೆಯಲ್ಲಿ. ಕಾರಣ ನಾನು.

ನಾನು ಸ್ಯಾಕ್ಸೊಫೋನ್ ಊದುವವನು. ವಾಸ ಬೆಳ್ಮಣ್ಣಿನಲ್ಲಿ, ಬಾಡಿಗೆ ಮನೆ. ಉಡುಪಿ, ಕಾರ್ಕಳದ ಯಾವ ಮದುವೆ ಹಾಲ್‌ನ ಯಾವ ಫ್ಯಾನು ಕಿರುಗುಟ್ಟುತ್ತದೆ ಎಂದು ಬೇಕಾದರೆ ಹೇಳುತ್ತೇನೆ. ಊರವರ ಮದುವೆಗೆಲ್ಲ ಊದಿ ಊದಿ ಇವನ ಮದುವೆಗೆ ಪುರುಸೊತ್ತಾಗಲಿಲ್ಲ ಎಂದು ಭಾವ ತಮಾಷೆ ಮಾಡುತ್ತಾರೆ. ಅಮ್ಮ ತೀರಿಕೊಂಡಾಗ ನನಗೆ ಒಂಬತ್ತು ವರ್ಷ. ನನಗಿಂತ ಹತ್ತು ವರ್ಷ ದೊಡ್ಡವಳಾದ ಅಕ್ಕನೇ ಸಾಕಿದಳು. ಅವಳ ಮಗಳು ನಿಶ್ಮಿತಾ ಮೂರು ವರ್ಷದವಳಿದ್ದಾಗ ಸ್ಯಾಕ್ಸಿನ ಬಾಯಿಯೊಳಗೆ ಕೈ ಹಾಕಿ, "ಮಾಮ, ನನ್ನ ಮದುವೆಗೆ ನೀನೇ ಊದಬೇಕು" ಎಂದಿದ್ದಳು. ನಾನು ಹೂಂ ಎಂದಿದ್ದೆ. ನಮ್ಮಲ್ಲಿ ಸೋದರಮಾವ ಹೂಂ ಎಂದರೆ ಅದನ್ನು ಯಾರೂ ಮರೆಯುವುದಿಲ್ಲ, ಮಗುವಂತೂ ಮರೆಯುವುದೇ ಇಲ್ಲ.

ಮೂರು ವರ್ಷದ ಹಿಂದಿನ ಆ ಬೇಸಿಗೆಗೆ ಅವಳ ಮದುವೆ ನಿಶ್ಚಯವಾಗಿತ್ತು. ಮಾರ್ಚಿನ ಒಂದು ಬೆಳಿಗ್ಗೆ ನಾನು ಕಾರ್ಕಳದ ಬೇರೊಂದು ಮದುವೆಯಲ್ಲಿದ್ದೆ. ಹೊಕ್ಕುಳಿನ ಸುತ್ತ ನೋವು. ಅಕ್ಕನಿಗೆ ಫೋನು ಮಾಡಿದರೆ, "ವಾಯು ಮಾರಾಯ, ಓಮದ ನೀರು ಕುಡಿ" ಎಂದಳು. ಕುಡಿದೆ. ಮುಹೂರ್ತದ ಹೊತ್ತಿಗೆ ನೋವು ಬಲಗಡೆ ಕೆಳಗೆ ಇಳಿದು ಅಲ್ಲೇ ಬೇರು ಬಿಟ್ಟಿತು. ಧಾರೆ ಎರೆಯುವಾಗ ವಾದ್ಯ ನಿಲ್ಲುವಂತಿಲ್ಲ. ಆ ಗಳಿಗೆಯಲ್ಲಿ ಯಾರಾದರೂ ಸೀನಿದರೂ ಕೇಳಿಸಬಾರದು ಎಂದೇ ನಮ್ಮನ್ನು ಕರೆಸುವುದು. ಹಲ್ಲು ಕಚ್ಚಿ ಊದಲು ಸ್ಯಾಕ್ಸಿನಲ್ಲಿ ಬರುವುದಿಲ್ಲ. ನೋವನ್ನು ಹಾಗೇ ಇಟ್ಟುಕೊಂಡು ಊದಿ ಮುಗಿಸಿದೆ. ಕೈ ತೊಳೆಯುವ ಬೇಸಿನ್ನಿನ ಹತ್ತಿರ ಕುಕ್ಕರಿಸಿದವನು ಮತ್ತೆ ಏಳಲಿಲ್ಲ. ಡೋಲು ಬಾರಿಸುವವರು ಕಾರು ಮಾಡಿಸಿ ಮಣಿಪಾಲಕ್ಕೆ ಸೇರಿಸಿದರು.

ತಡವಾಗಿತ್ತು. ಅಪೆಂಡಿಕ್ಸ್ ಒಳಗೇ ಒಡೆದಿತ್ತು. ಮೂರು ಸಣ್ಣ ತೂತುಗಳಲ್ಲಿ ಮುಗಿಯಬೇಕಿದ್ದ ಕೆಲಸಕ್ಕೆ ಹೊಟ್ಟೆಯನ್ನೇ ಕೊಯ್ಯಬೇಕಾಯಿತು. ಎಚ್ಚರವಾದ ಮೇಲೆ ನಾನು ಡಾಕ್ಟರಮ್ಮನನ್ನು ಕೇಳಿದ ಮೊದಲ ಪ್ರಶ್ನೆ ಊಟದ್ದಲ್ಲ, ಊದುವುದರದ್ದು.

"ಆರು ವಾರ ಊದೋ ಹಾಗಿಲ್ಲ, ಭಾರ ಎತ್ತೋ ಹಾಗಿಲ್ಲ. ಯಾಕೆ, ಏನಿದೆ?" ಎಂದರು. ಅವರು ಘಟ್ಟದ ಮೇಲಿನವರು, ಮಾತು ಚುರುಕು.

ನಾನು ಬೆರಳು ಮಡಚಿ ಲೆಕ್ಕ ಹಾಕಿದೆ. ಆಪರೇಷನ್ ಆದ ದಿನದಿಂದ ನಲವತ್ತೈದನೇ ದಿನಕ್ಕೆ ನಿಶ್ಮಿತಾಳ ಮದುವೆ.

"ಮೂರು ದಿನ ಉಳೀತಲ್ಲ, ನೋಡಿ. ಚೆನ್ನಾಗಿ ಊಟ ಮಾಡಿ, ನೀರು ಕುಡೀರಿ, ಮೆಲ್ಲಗೆ ಓಡಾಡಿ. ಸಂಡಾಸಿನಲ್ಲಿ ತಿಣುಕಬೇಡಿ. ಊದ್ತೀರಂತೆ."

ಮೂರು ದಿನದ ಅಂತರ. ಅದನ್ನು ಕಾಪಾಡಿಕೊಂಡರೆ ಸಾಕಿತ್ತು. ಆರನೇ ದಿನ ಅಕ್ಕ ನನ್ನನ್ನು ಕಾಪುವಿಗೆ ಕರೆದುಕೊಂಡು ಹೋದಳು. ದಾರಿಯ ಒಂದೊಂದು ಉಬ್ಬಿಗೂ ತಲೆದಿಂಬನ್ನು ಹೊಟ್ಟೆಗೆ ಒತ್ತಿ ಹಿಡಿದು, ರಸ್ತೆ ಮಾಡಿದವರನ್ನೆಲ್ಲ ಮನಸ್ಸಿನಲ್ಲೇ ಬೈಯುತ್ತ ಹೋದೆ. ದಿಂಬಿನ ಉಪಾಯ ನರ್ಸ್ ಹೇಳಿಕೊಟ್ಟದ್ದು. ಕೆಮ್ಮುವಾಗ ಒತ್ತಿಕೊಳ್ಳಬೇಕು, ಸೀನುವಾಗ ಒತ್ತಿಕೊಳ್ಳಬೇಕು, ನಗುವಾಗಲಂತೂ ಬಿಗಿಯಾಗಿ ಒತ್ತಿಕೊಳ್ಳಬೇಕು. ನಗುವ ಸಂದರ್ಭ ಹೆಚ್ಚು ಬರಲಿಲ್ಲ.

ಆಸ್ಪತ್ರೆಯ ಆಹಾರದ ಚೀಟಿ ಇಂಗ್ಲಿಷಿನಲ್ಲಿತ್ತು. ಭಾವ ಕನ್ನಡಕ ಹಾಕಿಕೊಂಡು ಓದಿದರು. ಬಾಳೆಹಣ್ಣು, ಪಪ್ಪಾಯಿ, ಮೊಸರು, ಬೇಯಿಸಿದ ತರಕಾರಿ, ಬೇಳೆ, ಮೊಟ್ಟೆಯ ಬಿಳಿ, ಹಬೆಯಲ್ಲಿ ಬೇಯಿಸಿದ ಮೀನು, ದಿನಕ್ಕೆ ಎಂಟು ಹತ್ತು ಲೋಟ ನೀರು. ಅಕ್ಕ ಪೂರ್ತಿ ಕೇಳಿಸಿಕೊಂಡಳು.

"ಇದು ಘಟ್ಟದ ಮೇಲಿನವರಿಗೆ ಬರೆದದ್ದು. ನಮ್ಮ ಹೊಟ್ಟೆಗೆ ಆಗುದಿಲ್ಲ," ಎಂದು ಚೀಟಿಯನ್ನು ಮಡಚಿ ಮಸಾಲೆ ಡಬ್ಬಿಯ ಕೆಳಗಿಟ್ಟಳು. ಅವಳು ಇದನ್ನು ಹೇಳಿದ್ದು ತುಳುವಿನಲ್ಲಿ. ಕನ್ನಡದಲ್ಲಿ ಬರೆದರೆ ಆ ಖಾರ ಬರುವುದಿಲ್ಲ.

ಅಕ್ಕನ ಶಾಸ್ತ್ರದಲ್ಲಿ ಗಾಯವಾದವನ ಮೊದಲ ಶತ್ರು ನಂಜು. ಗಾಯ ಮಾಯದಂತೆ ಮಾಡಿ ಕೀವು ಕಟ್ಟಿಸುವ ತಿಂಡಿತೀರ್ಥಕ್ಕೆಲ್ಲ ಆ ಹೆಸರು. ಬಂಗುಡೆ ಮೀನು ನಂಜು. ಸಿಗಡಿ ನಂಜು. ಬದನೆ, ಹಲಸಿನ ಗುಜ್ಜೆ, ಮೊಟ್ಟೆ, ಕೋಳಿ, ಎಲ್ಲ ನಂಜು. ಪಪ್ಪಾಯಿ ಉಷ್ಣ. ಬಾಳೆಹಣ್ಣು, ಮೊಸರು ಶೀತ. ಎಲ್ಲವನ್ನೂ ಸೋಸಿದರೆ ಕೊನೆಗೆ ಉಳಿದದ್ದು ಕುಚ್ಚಲಕ್ಕಿ ಗಂಜಿ. ನಂಚಿಕೊಳ್ಳಲು ಉಪ್ಪು, ಸುಟ್ಟ ಅಕ್ಕಿ ಹಪ್ಪಳ. ಬೆಳಿಗ್ಗೆ ಗಂಜಿ, ಮಧ್ಯಾಹ್ನ ಗಂಜಿ, ರಾತ್ರಿ ಅದರದ್ದೇ ತಿಳಿ.

"ನೀರಾದರೂ ಕೊಡು ಅಕ್ಕಾ."

"ಗಂಜಿಯಲ್ಲಿ ನೀರೇ ಅಲ್ವಾ ಇರುದು? ಮೇಲಿಂದ ಮತ್ತೆ ಕುಡಿದ್ರೆ ಒಳಗಿನ ಹೊಲಿಗೆ ಒದ್ದೆ ಆಗ್ತದೆ."

ಕಡಲಿನ ಬದಿಯ ಏಪ್ರಿಲ್ ಸೆಕೆ ಗೊತ್ತಿದ್ದವರಿಗೆ ನನ್ನ ಸಂಕಟ ಅರ್ಥವಾದೀತು. ಗಾಳಿ ನಿಂತ ಮಧ್ಯಾಹ್ನಗಳಲ್ಲಿ ಕುಳಿತಲ್ಲೇ ಬೆವರು ಇಳಿದು ಗಾಯದ ಪಟ್ಟಿಯವರೆಗೆ ಬರುತ್ತಿತ್ತು. ಅದನ್ನು ಒಣಗಿದ ಬಟ್ಟೆಯಲ್ಲಿ ಒತ್ತಿ ತೆಗೆಯಬೇಕು, ಉಜ್ಜಬಾರದು. ಸ್ನಾನವಿಲ್ಲ, ಒದ್ದೆ ಬಟ್ಟೆಯಲ್ಲಿ ಮೈ ಒರೆಸಿಕೊಳ್ಳುವುದು. ಹಾಸಿಗೆಯಿಂದ ಎದ್ದು ಕೂರಲು ಮೊದಲು ಮಗ್ಗುಲಾಗಿ, ಕಾಲು ಕೆಳಗೆ ಬಿಟ್ಟು, ಕೈ ಊರಿ, ಅಷ್ಟು ಮಾಡುವಷ್ಟರಲ್ಲಿ ಯಾಕೆ ಏಳಬೇಕಿತ್ತೆಂಬುದೇ ಮರೆತುಹೋಗುತ್ತಿತ್ತು. ಅಂಗಳದಲ್ಲಿ ಬಗ್ಗಿಕೊಂಡು ಎರಡು ಸುತ್ತು ಹಾಕಿದರೆ ಅಕ್ಕ ಕಿಟಕಿಯಿಂದ ನನ್ನ ಹೆಸರು ಕರೆದು, "ಸದಾ, ಸಾಕು, ಗಾಳಿ ಹೊಕ್ಕೀತು" ಎನ್ನುತ್ತಿದ್ದಳು. ಗಾಳಿಯೇ ಇಲ್ಲವಲ್ಲ ಮಾರಾಯ್ತಿ ಎಂದು ಕಿರುಚಬೇಕೆನಿಸುತ್ತಿತ್ತು. ಕಿರುಚಿದರೆ ಹೊಲಿಗೆ ಎಳೆಯುತ್ತದೆ. ಸಿಟ್ಟು ಮಾಡುವುದಕ್ಕೂ ಹೊಟ್ಟೆ ಗಟ್ಟಿ ಇರಬೇಕೆಂದು ಆಗ ತಿಳಿಯಿತು.

ಹನ್ನೆರಡನೇ ದಿನ ಹೊಲಿಗೆ ಬಿಚ್ಚಿದರು. ಗಾಯ ಒಣಗಿತ್ತು. "ನೋಡಿದಿಯಾ, ಗಂಜಿ!" ಎಂದು ಅಕ್ಕ ದಾರಿಯುದ್ದಕ್ಕೂ ಹೇಳಿದಳು. ನಾನು ಹೂಂಗುಟ್ಟಿದೆ. ಹೊಟ್ಟೆ ಮಾತ್ರ ಕಲ್ಲಾಗಿತ್ತು. ಹೊರಗೆ ಹೋಗದೆ ಎರಡು ದಿನ, ಮೂರು ದಿನ, ನಾಲ್ಕು ದಿನ. ಕದ್ದು ನೀರು ಕುಡಿಯೋಣವೆಂದರೆ ಅಕ್ಕ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದಳು. ಬಚ್ಚಲಿನ ನಲ್ಲಿಯಿಂದ ಬೊಗಸೆಯಲ್ಲಿ ಕುಡಿದದ್ದುಂಟು, ನಲವತ್ತೊಂದು ವರ್ಷದ ಗಂಡಸು.

ಹದಿನೆಂಟನೇ ದಿನ ಅಕ್ಕ ಪಕ್ಕದ ಮನೆಗೆ ಹೋಗಿದ್ದಾಗ ಭಾವ ಒಂದು ಬಟ್ಟಲನ್ನು ಲುಂಗಿಯ ಮರೆಯಲ್ಲಿ ತಂದು ನನ್ನ ಮುಂದಿಟ್ಟರು. ಬಂಗುಡೆ ಸಾರಿನ ಒಂದು ತುಂಡು. "ಬೇಗ ತಿನ್ನು ಮಾರಾಯ, ನಿನ್ನ ಮುಖ ನೋಡ್ಲಿಕ್ಕೆ ಆಗುದಿಲ್ಲ," ಎಂದರು. ನನ್ನ ಕಣ್ಣಲ್ಲಿ ನೀರು ಬಂತು, ಖಾರಕ್ಕೆ ಅಂತಲೇ ಇಟ್ಟುಕೊಳ್ಳಿ. ಅಕ್ಕ ಬಂದವಳೇ ನನ್ನ ಕೈ ಮೂಸಿ ನೋಡಿದಳು. ಆಮೇಲೆ ಆ ಮನೆಯಲ್ಲಿ ನಡೆದದ್ದನ್ನು ಭಾವ ಇವತ್ತಿಗೂ ವರ್ಣಿಸುತ್ತಾರೆ. ಎರಡು ದಿನ ಅವರಿಗೂ ಗಂಜಿಯೇ ಆಯಿತು.

ಇಷ್ಟೆಲ್ಲದರ ನಡುವೆ ನನ್ನನ್ನು ಒಳಗೊಳಗೇ ತಿನ್ನುತ್ತಿದ್ದದ್ದು ಬೇರೆ. ಸ್ಯಾಕ್ಸ್ ಊದುವವನ ತುಟಿ ಒಂದು ವಾರ ಬಿಟ್ಟರೆ ಸಡಿಲವಾಗುತ್ತದೆ. ನನಗೆ ಮೂರು ವಾರವಾಗುತ್ತ ಬಂದಿತ್ತು. ಗಂಜಿ ಕುಡಿದು ಮೈಯಲ್ಲಿ ತ್ರಾಣವಿಲ್ಲ, ಜಗಲಿಯ ಮೆಟ್ಟಿಲು ಹತ್ತಿದರೆ ಏದುಸಿರು. ಹೀಗೇ ಹೋದರೆ ಆರು ವಾರ ಮುಗಿದು ಮೂರು ದಿನ ಸಿಕ್ಕಿದರೂ ಊದಲು ಉಸಿರೆಲ್ಲಿಂದ ತರಲಿ? ಧಾರೆಯ ಹೊತ್ತಿಗೆ ನನ್ನ ಸ್ವರ ಒಡೆದರೆ?

ಇಪ್ಪತ್ತನೇ ದಿನ ಅಕ್ಕ, ಭಾವ, ನಿಶ್ಮಿತಾ ಮೂವರೂ ಮದುವೆಯ ಕಾಗದ ಕೊಡಲು ಅಜೆಕಾರಿಗೆ ಹೋದರು. ಸುತ್ತ ಯಾರಿಲ್ಲ. ನಾನು ಪೆಟ್ಟಿಗೆ ತೆರೆದೆ. ಎತ್ತಿ ಕುತ್ತಿಗೆಗೆ ಹಾಕಿಕೊಳ್ಳಲಿಲ್ಲ, ಮಂಚದ ಮೇಲೆ ಕುಳಿತು ತೊಡೆಗೆ ಒರಗಿಸಿಕೊಂಡೆ. ಅಷ್ಟು ಜಾಗ್ರತೆ ಇತ್ತು ನನಗೆ. ಒಂದೇ ಒಂದು ಸ್ವರ, ತುಟಿ ನೆನಪಿಟ್ಟುಕೊಂಡಿದೆಯೇ ನೋಡಿ ಇಟ್ಟುಬಿಡುವುದು ಎಂದುಕೊಂಡೆ. ಕೆಳಗಿನ ಷಡ್ಜ ಬಂತು. ತುಸು ನಡುಗುತ್ತಿತ್ತು, ಆದರೂ ಬಂತು. ಎಷ್ಟು ಸಂತೋಷವಾಯಿತೆಂದರೆ ಬುದ್ಧಿ ಪೆಟ್ಟಿಗೆಯೊಳಗೇ ಉಳಿಯಿತು. ಹತ್ತು ನಿಮಿಷ ಊದಿದೆ. ಮೇಲಿನ ಸ್ಥಾಯಿಗೆ ಹೋಗಿ ಅಲ್ಲಿ ಉಸಿರು ಹಿಡಿದು ನಿಂತಾಗ ಬಲಗಡೆ ಸಣ್ಣಗೆ ಏನೋ ಬಿಟ್ಟುಕೊಂಡಿತು. ಕೈ ಇಟ್ಟು ನೋಡಿದರೆ ಪಟ್ಟಿ ಒದ್ದೆಯಾಗಿತ್ತು.

ಸ್ಯಾಕ್ಸ್ ಒರೆಸಿ ಪೆಟ್ಟಿಗೆಯೊಳಗಿಟ್ಟು ಮಲಗಿದೆ. ಸಂಜೆ ಅಕ್ಕ ಬಂದು ನೋಡಿ ಕಿರುಚಿಕೊಂಡಳು. ಅಂಗಿಯ ಮೇಲೂ ಕಲೆ ಬಂದಿತ್ತು.

"ಬಂಗುಡೆ! ನಾನು ಹೇಳ್ಲಿಲ್ವಾ? ನಂಜಾಯ್ತು, ನಂಜು! ಬಾಯಿ ಕಟ್ಟಿಕೊಳ್ಳಿಕ್ಕೆ ಆಗ್ಲಿಲ್ಲ ನಿನಗೆ!"

ಮಣಿಪಾಲಕ್ಕೆ ಹೋಗುವ ದಾರಿಯಲ್ಲಿ ಅವಳು ಈ ಮಾತನ್ನು ಉದ್ಯಾವರದಲ್ಲೊಮ್ಮೆ, ಉಡುಪಿಯಲ್ಲೊಮ್ಮೆ, ಬನ್ನಂಜೆ ದಾಟುವಾಗಲೊಮ್ಮೆ ಹೇಳಿದಳು. ನನ್ನ ಮೈಯೆಲ್ಲ ಉರಿಯಿತು. ಎರಡು ವಾರದ ಬಾಯಾರಿಕೆ, ಕಲ್ಲಾದ ಹೊಟ್ಟೆ, ಮೂಸಿಸಿಕೊಂಡ ಕೈ, ಎಲ್ಲ ಸೇರಿ ಗಂಟಲಿಗೆ ಬಂದಿತ್ತು. ಡಾಕ್ಟರಮ್ಮ ಗಾಯದ ತುದಿ ಬಿಟ್ಟುಕೊಂಡದ್ದನ್ನು ನೋಡಿ ಕೇಳಿದರು: "ಇದು ಒತ್ತಡ ಬಿದ್ದು ಬಿಟ್ಟಿರೋದು. ಭಾರ ಎತ್ತಿದ್ರಾ? ಊದಿದ್ರಾ? ಮೋಷನ್ ಸರಿಯಾಗಿ ಆಗ್ತಿದೆಯಾ?"

ನಾನು ಮೂರನೆಯದನ್ನು ಮಾತ್ರ ಹಿಡಿದುಕೊಂಡೆ.

"ನಾಲ್ಕು ನಾಲ್ಕು ದಿನ ಹೋಗುದಿಲ್ಲ ಡಾಕ್ಟ್ರೇ. ಇವಳು ಬರೀ ಗಂಜಿ ಕೊಡುದು. ನೀರು ಸಹ ಕೊಡುದಿಲ್ಲ. ಬೆಳಿಗ್ಗೆ ತಿಣುಕಿದೆ."

ಅದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಇಡೀ ಮಾತು ಮಾತ್ರ ಸುಳ್ಳು.

ಡಾಕ್ಟರಮ್ಮ ಅಕ್ಕನ ಕಡೆ ತಿರುಗಿದರು. ಜೋರು ಮಾಡಲಿಲ್ಲ, ಆದರೆ ಕೋಣೆಯಲ್ಲಿ ನರ್ಸ್ ಇದ್ದರು, ಕಲಿಯುವ ಹುಡುಗಿಯರು ನಾಲ್ಕು ಜನ ಇದ್ದರು. "ಏನಮ್ಮ ಇದು? ಚೀಟಿ ಕೊಟ್ಟಿದ್ವಲ್ಲ? ಗಾಯ ಮಾಯೋದಕ್ಕೆ ಪ್ರೋಟೀನ್ ಬೇಡ್ವಾ? ನೀರು ಕೊಡದೆ ಕೂಡಿಸಿದ್ದೀರಲ್ಲ, ಇವರ ಗಾಯ ಬಿಚ್ಚಿಸಿದ್ದು ನೀವೇ." ಅಕ್ಕ ಸೆರಗನ್ನು ಹೆಗಲ ಮೇಲೆ ಎಳೆದುಕೊಂಡು ನಿಂತಿದ್ದಳು. ಬಂಗುಡೆಯ ಸುದ್ದಿ ಎತ್ತಲಿಲ್ಲ. ನಾನು ಸೀಲಿಂಗ್ ನೋಡುತ್ತ ಮಲಗಿದ್ದೆ.

ಆರು ವಾರದ ಲೆಕ್ಕ ಆ ದಿನದಿಂದ ಮತ್ತೆ ಸುರುವಾಯಿತು. ನಿಶ್ಮಿತಾಳ ಮದುವೆಗೆ ಊದುವುದು ಕೈತಪ್ಪಿತು.

ಮರುದಿನದಿಂದ ಅಕ್ಕನ ಅಡುಗೆ ಬದಲಾಯಿತು. ಚೀಟಿಯನ್ನು ನಿಶ್ಮಿತಾಳಿಂದ ಕನ್ನಡದಲ್ಲಿ ಬರೆಸಿ ಗೋಡೆಗೆ ಅಂಟಿಸಿದಳು. ಗಂಟೆಗೊಂದು ಲೋಟ ನೀರು. ಪಪ್ಪಾಯಿ, ಮಜ್ಜಿಗೆ, ಹೆಸರುಬೇಳೆ ತೊವ್ವೆ, ತೊಂಡೆಕಾಯಿ ಪಲ್ಯ, ಬಾಳೆ ಎಲೆಯಲ್ಲಿ ಸುತ್ತಿ ಹಬೆಯಲ್ಲಿ ಬೇಯಿಸಿದ ಕಾಣೆ ಮೀನು. ಮೂರೇ ದಿನದಲ್ಲಿ ಹೊಟ್ಟೆ ಸರಿಯಾಯಿತು. ನಾನು ಬೇಡಿದ್ದೆಲ್ಲ ತಟ್ಟೆಗೆ ಬಂತು. ಪ್ರತಿ ಸಲ ಬಡಿಸುವ ಮೊದಲು ಅವಳು, "ಇದು ಆಗ್ತದಾ ಸದಾ? ನೀನೇ ನೋಡಿ ಹೇಳು" ಎನ್ನುತ್ತಿದ್ದಳು. ಆ ಪ್ರಶ್ನೆ ಕೇಳಿದಾಗಲೆಲ್ಲ ನನಗೆ ಅವಳ ಮೇಲೆಯೇ ಸಿಟ್ಟು ಬರುತ್ತಿತ್ತು. ಬೈಯಬಾರದೇ ಇವಳು, ಹಿಂದಿನ ಹಾಗೆ?

ಮದುವೆಯಲ್ಲಿ ಕಾರ್ಕಳದ ಒಬ್ಬರು ಊದಿದರು. ಚೆನ್ನಾಗಿಯೇ ಊದಿದರು, ಅದೂ ನನಗೆ ಹಿತವಾಗಲಿಲ್ಲ. ನಾನು ಶಾಲು ಹೊದ್ದು ಸೋದರಮಾವನ ಜಾಗದಲ್ಲಿ ನಿಂತಿದ್ದೆ. ಊಟದ ಹೊತ್ತಿಗೆ ನಿಶ್ಮಿತಾ ನಗುತ್ತ, "ಅಮ್ಮನ ಗಂಜಿಯಿಂದಾಗಿ ನನ್ನ ಮದುವೆಗೆ ಮಾಮ ಊದ್ಲಿಲ್ಲ" ಎಂದಳು. ಪಂಕ್ತಿಯವರೆಲ್ಲ ನಕ್ಕರು. ಅಕ್ಕನೂ ನಕ್ಕಳು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಹೇಳಿಬಿಡಬಹುದಾಗಿತ್ತು. ಹೇಳಲಿಲ್ಲ. ಆಮೇಲೆ ಮೂರು ವರ್ಷ ಪ್ರತಿ ಸಲ ಕಾಪುವಿಗೆ ಹೋದಾಗಲೂ ಹೇಳಲಿಲ್ಲ.

ಈ ಸಲ ಹೋದ ದಿನ ಮಧ್ಯಾಹ್ನ ಮಗು ಎದ್ದು ಅಳತೊಡಗಿತು. ನಿಲ್ಲಿಸಲೇ ಇಲ್ಲ. ಕಾಲುಗಳನ್ನು ಹೊಟ್ಟೆಗೆ ಸೆಳೆದುಕೊಂಡು ಕೆಂಪಾಗಿತ್ತು. ನಿಶ್ಮಿತಾಳಿಗೆ ಅಳುವೇ ಬಂದಿತ್ತು. "ಅಮ್ಮ, ಎಂತ ಮಾಡುದು, ಹೇಳು." ಅಕ್ಕನ ಕೈ ಮಗುವಿನ ಹೊಟ್ಟೆಯ ಹತ್ತಿರದವರೆಗೆ ಹೋಯಿತು, ಅಲ್ಲೇ ನಿಂತಿತು. "ನನ್ನ ಹತ್ರ ಕೇಳ್ಬೇಡ. ಆಸ್ಪತ್ರೆಗೆ ಫೋನ್ ಮಾಡು," ಎಂದು ಕೈ ಹಿಂದೆ ತೆಗೆದುಕೊಂಡು ಪಾತ್ರೆ ತೊಳೆಯಲು ಹೋದಳು.

ನನಗೆ ತಡೆಯಲಾಗಲಿಲ್ಲ. ಅವಳ ಹಿಂದೆಯೇ ಅಡುಗೆಮನೆಗೆ ಹೋದೆ.

"ಅಕ್ಕಾ, ಆ ದಿನ ಗಾಯ ಬಿಟ್ಟದ್ದು ನಿನ್ನ ಗಂಜಿಯಿಂದ ಅಲ್ಲ. ನೀವು ಅಜೆಕಾರಿಗೆ ಹೋದಾಗ ನಾನು ಸ್ಯಾಕ್ಸ್ ಊದಿದೆ."

ಅವಳು ನಲ್ಲಿ ನಿಲ್ಲಿಸಿದಳು.

"ಎಷ್ಟು ಹೊತ್ತು?"

"ಹತ್ತು ನಿಮಿಷ."

"ಡಾಕ್ಟ್ರು ನನಗೆ ಹೇಳುವಾಗ ನೀನು ಅಲ್ಲೇ ಮಲಗಿದ್ದಿ."

"ಹೌದು."

"ಮದುವೆಯಲ್ಲಿ ಎಲ್ಲ ನೆಗಾಡುವಾಗಲೂ ಇದ್ದಿ."

"ಹೌದು ಅಕ್ಕಾ."

ಬೈಯುತ್ತಾಳೆ, ಅಳುತ್ತಾಳೆ, ಇಲ್ಲವೇ ಹೋಗಲಿ ಬಿಡು ಎನ್ನುತ್ತಾಳೆ ಎಂದು ಕಾದೆ. ಯಾವುದೂ ಇಲ್ಲ. ಕೈ ಒರೆಸಿಕೊಂಡು, "ಆ ಡಾಕ್ಟರಮ್ಮ ಈಗಲೂ ಅಲ್ಲೇ ಇದ್ದಾರಾ?" ಎಂದು ಕೇಳಿದಳು. ನಾನು ತಲೆಯಾಡಿಸಿದೆ. "ಹಾಗಾದ್ರೆ ನಾಳೆ ಹೋಗುವ," ಎಂದಳು.

ಎಷ್ಟು ಬೇಡವೆಂದರೂ ಕೇಳಲಿಲ್ಲ. ಮರುದಿನ ಬೆಳಿಗ್ಗೆ ಒಳ್ಳೆಯ ಸೀರೆ ಉಟ್ಟು, ನನ್ನ ಹಳೆಯ ಫೈಲು ಚೀಲದಲ್ಲಿ ಹಾಕಿಕೊಂಡು, ಕಾಪುವಿನಿಂದ ಬಸ್ಸು ಹತ್ತಿಸಿದಳು. ಉಡುಪಿಯಲ್ಲಿ ಇಳಿದು ಮಣಿಪಾಲದ ಬಸ್ಸು.  ಚೀಟಿ ಮಾಡಿಸುವಲ್ಲಿ ಏನು ಕಾಯಿಲೆ ಎಂದು ಕೇಳಿದರು.  "ಹಳೆಯ ಹೊಟ್ಟೆಯದ್ದು," ಎಂದಳು ಅಕ್ಕ. ಎರಡೂವರೆ ಗಂಟೆ ಬೆಂಚಿನ ಮೇಲೆ ಕಾದೆವು. ನಿಜವಾದ ರೋಗಿಗಳು ನಮ್ಮ ಹಿಂದೆ ನಿಂತಿದ್ದರು. ನನಗೆ ನಾಚಿಕೆಯಿಂದ ಕಿವಿ ಬಿಸಿಯಾಗಿತ್ತು.

ಡಾಕ್ಟರಮ್ಮನಿಗೆ ನಮ್ಮ ನೆನಪೇ ಇರಲಿಲ್ಲ. ಫೈಲು ತಿರುವಿ, "ಈಗೇನು ತೊಂದರೆ?" ಎಂದರು.

"ತೊಂದರೆ ಎಂತದೂ ಇಲ್ಲ. ಇವನಿಗೆ ನಿಮ್ಮ ಹತ್ರ ಒಂದು ಮಾತು ಹೇಳ್ಲಿಕ್ಕೆ ಉಂಟು," ಎಂದು ಅಕ್ಕ ಕುರ್ಚಿಯಲ್ಲಿ ನೆಟ್ಟಗೆ ಕುಳಿತಳು.

ಹೇಳಿದೆ. ಮದುವೆ, ಅಜೆಕಾರು, ಹತ್ತು ನಿಮಿಷ, ಎಲ್ಲ. ಬಾಗಿಲಿನ ಹತ್ತಿರ ನಿಂತಿದ್ದ ನರ್ಸ್ ಕೂಡ ಕೇಳಿಸಿಕೊಂಡರು. ಡಾಕ್ಟರಮ್ಮ ಫೈಲು ಮುಚ್ಚಿ ಅಕ್ಕನ ಕಡೆ ತಿರುಗಿದರು.

"ಆದರೂ ಅಮ್ಮ, ನೀರು ಕೊಡದೆ ಇದ್ದದ್ದು ತಪ್ಪೇ."

"ಅದು ತಪ್ಪೇ," ಎಂದಳು ಅಕ್ಕ. "ಅದಕ್ಕೆ ಬೇಕಾದ್ರೆ ಈಗ ಬೈಯಿರಿ, ಕೂತಿದ್ದೇನೆ. ಗಾಯ ಬಿಚ್ಚಿಸಿದ್ದು ನಾನೇ ಅಂತ ಅವತ್ತು ಹೇಳಿದ್ರಲ್ಲ, ಅದನ್ನು ವಾಪಸು ತಗೊಳ್ಳಿ."